ಶಾವಿಗೆಯ ಸಾಕ್ಷಿ

ಸಸ್ಯಾಹಾರಿ ವೃದ್ಧರು ಸ್ವಂತ ಅಡುಗೆ ಮಾಡಿಕೊಂಡು ಇರಲೆಂದು ಸಹಾಯಧನ ಕೊಡುವ ಟ್ರಸ್ಟಿನಲ್ಲಿ ನನಗೆ ಮನೆ ಮನೆಗೆ ಹೋಗಿ ಪರಿಶೀಲಿಸುವ ಕೆಲಸ. ಗೋವಿನಕೋವಿಯ ಗೌರಮ್ಮನವರಿಗೆ ಮಂಡಿ ಬಗ್ಗದು. ನಿಂತು ಅಡುಗೆ ಮಾಡಲು ಕಟ್ಟೆ ಬೇಕಿತ್ತು. ಅದಾಗದಿದ್ದರೆ ತಂಗಿಯ ಮನೆ ಸೇರಬೇಕು.

ಸಸ್ಯಾಹಾರಿ ಎನ್ನುವುದಕ್ಕೆ ನೆರೆಯವರ ಸಾಕ್ಷಿ ಬೇಕೆಂಬುದು ನಮ್ಮ ನಿಯಮ. ಗೌರಮ್ಮ ಪಕ್ಕದ ಮನೆಯ ಶಾಹಿದಾಬಿಯನ್ನು ಕರೆದರು. ನಾನು ಹಿಂಜರಿದೆ.

"ಯಾಕ್ರೀ?" ಎಂದಳು ಶಾಹಿದಾಬಿ. "ರಂಜಾನ್‌ಗೆ ಓಣಿಗೆಲ್ಲ ಪಾಯಸ ಮಾಡಿ ಕಳಿಸ್ತೀನಿ. ಇವರಿಗೆ ಮಾತ್ರ ಶಾವಿಗೆ, ಸಕ್ಕರೆ, ದ್ರಾಕ್ಷಿ ಹಂಗೇ ಕಟ್ಟಿ ಕೊಡ್ತೀನಿ. ತಮ್ಮ ಒಲೆ ಮ್ಯಾಲೆ ಮಾಡಿ ನನಗೂ ಕೊಡ್ತಾರೆ. ನನಗಿಂತ ಯಾರಿಗೆ ಗೊತ್ತೈತೆ?"

ತಕ್ಷಣ ಸಹಿ ಹಾಕಿಸಿಕೊಂಡೆ.

"ನೀವೂ ಸಸ್ಯಾಹಾರಿ ಏನ್ರೀ?" ಎಂದು ಗೌರಮ್ಮ ಕೇಳಿದರು.

ಬೆಳಿಗ್ಗೆ ಹೊನ್ನಾಳಿಯಲ್ಲಿ ತಿಂದ ಆಮ್ಲೆಟ್ ನೆನಪಾಯಿತು. ಪುಣ್ಯಕ್ಕೆ ನನ್ನ ನೆರೆಯವರು ಯಾರೂ ಅಲ್ಲಿರಲಿಲ್ಲ.