ಹೊಟ್ಟೆನೋವಿನವರು

ನಮ್ಮ ಕಡೆ ಸಾಯಲು ಹೋಗಿ ಬದುಕಿದವರಿಗೆಲ್ಲ ಒಂದೇ ಕಾಯಿಲೆ: ಹೊಟ್ಟೆನೋವು. ತೊಂಬತ್ತರ ದಶಕದಲ್ಲಿ ಸಾಯಲು ಹೋಗುವುದು ಪೊಲೀಸ್ ಕೇಸಾಗುತ್ತಿತ್ತು. ಅದಕ್ಕೇ ಮನೆಯವರು ಠಾಣೆಯಲ್ಲಿ ‘ಹೊಟ್ಟೆನೋವು ತಾಳಲಾರದೆ’ ಎಂದು ಬರೆಸಿ, ಊರಿಗೆ ಬಂದು ಬರೀ ಹೊಟ್ಟೆನೋವು ಎನ್ನುತ್ತಿದ್ದರು. ಊರು ನಂಬಿದ ಹಾಗೆ ನಟಿಸುತ್ತಿತ್ತು. ನಾನೂ ಹೊಟ್ಟೆನೋವಿನವಳೇ. ಏನು ಮಾಡಿಕೊಂಡೆ, ಯಾಕೆ ಮಾಡಿಕೊಂಡೆ ಎಂಬುದು ಇಲ್ಲಿ ಬೇಡ. ಅದನ್ನು ತಿಳಿಯುವ ಚಪಲಕ್ಕೇ ಎಳನೀರು ಹಿಡಿದು ಬಂದ ನೆಂಟರನ್ನು ಆಗಲೇ ಸಾಕಷ್ಟು ಕಂಡಿದ್ದೇನೆ. ಎಳನೀರು ಕೊಚ್ಚುವ ಮೊದಲೇ ಅವರ ಪ್ರಶ್ನೆ ಶುರುವಾಗುತ್ತಿತ್ತು.

ಕೆ.ಆರ್. ಪೇಟೆಯಲ್ಲಿ ನಾನು ಟೀಚರು. ಸ್ಕೂಲಿನವರಿಗೆ ಆಪರೇಷನ್ ಎಂದು ಹೇಳಿದ್ದೆವು. ಮನೆಯಲ್ಲಿ ನನ್ನ ಗಂಡ ಬಚ್ಚಲುಮನೆಯ ಚಿಲಕ ಕಿತ್ತುಹಾಕಿದ್ದರು. ನಾನು ಒಳಗೆ ಹೋದರೆ ಹೊರಗೆ ಯಾರಾದರೊಬ್ಬರು ನಿಂತು ಕೆಮ್ಮುತ್ತಿದ್ದರು. ಮೂವತ್ತೆರಡು ವರ್ಷದ ಹೆಂಗಸು ಕೆಮ್ಮು ಕೇಳಿಸಿಕೊಂಡು ಸ್ನಾನ ಮಾಡಬೇಕಿತ್ತು.

ಪಾಂಡವಪುರದಲ್ಲಿ ಒಬ್ಬ ರಿಟೈರಾದ ನರ್ಸಮ್ಮ ಇದ್ದರು. ನನ್ನಂಥವರನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ಒಂದೇ ಥರ ಏಟು ತಿಂದವರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ತಮ್ಮ ಮನೆಯ ನಡುಮನೆಯಲ್ಲಿ ಕೂತು ಮಾತಾಡಿಕೊಳ್ಳಲಿ ಎಂದು ಹೇಳಿ ಕಳಿಸಿದರು. ಮೊದಲ ಸಲ ಹೋದಾಗ ನನಗೆ ಹೇಸಿಗೆಯಾಯಿತು. ನನ್ನನ್ನೂ ಸೇರಿಸಿ ಏಳು ಜನ, ಏಳು ಸಪ್ಪೆ ಮೋರೆ, ಒಂದು ತಟ್ಟೆ ಖಾರದ ಬೂಂದಿ. ಕೈಲಾಗದವರೆಲ್ಲ ಸೇರಿ ಸಂಘ ಕಟ್ಟಿಕೊಂಡಿದ್ದಾರೆ ಅಂದುಕೊಂಡೆ. ಸಾಯುವುದೂ ಬರಲಿಲ್ಲ, ಬಾಳುವುದೂ ಬರಲಿಲ್ಲ, ಈಗ ಮೀಟಿಂಗು ಬೇರೆ.

ಇದು ಸಾಲದು ಎಂಬಂತೆ ನರ್ಸಮ್ಮನ ಬೀದಿಯ ಹಳೇ ಹೆಡ್ಮಾಸ್ಟರೊಬ್ಬರು ತಾವಾಗೇ ಬಂದು ಅಧ್ಯಕ್ಷರ ಹಾಗೆ ಕುರ್ಚಿ ಹಾಕಿಸಿಕೊಂಡರು. ನೆಗಡಿಗಿಂತ ದೊಡ್ಡ ಕಷ್ಟ ಕಂಡವರಲ್ಲ. ಪ್ರತಿ ಸಲವೂ ಇರುವೆಯ ಕಥೆ: ಬೀಳುತ್ತದೆ, ಏಳುತ್ತದೆ, ನೀವೂ ಕಲಿಯಿರಿ. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನೊಬ್ಬ ನಮ್ಮಲ್ಲಿದ್ದ. ಮೂರನೇ ಸಲ ಇರುವೆ ಬಂದಾಗ ಅವನು, “ಇರುವೆಗೆ ಎಂಡ್ತಿ ಕಡೇರು ಇರಕ್ಕಿಲ್ಲ ಬುಡಿ ಸಾರ್” ಎಂದ. ಎಷ್ಟೋ ತಿಂಗಳ ಮೇಲೆ ನಾನು ನಕ್ಕಿದ್ದು ಆವತ್ತು.

ಮತ್ತೆ ಯಾಕೆ ಹೋಗುತ್ತಿದ್ದೆ? ನರ್ಸಮ್ಮನ ಬಚ್ಚಲಿಗೆ ಚಿಲಕವಿತ್ತು, ಅದೊಂದು. ಇನ್ನೊಂದು, ಬದುಕಿ ಬಂದದ್ದಕ್ಕೆ ನಾಚಿಕೆಯಾಗುತ್ತದೆ ಎಂದು ದೋಸೆಯವನು ಒಂದು ದಿನ ಹೇಳಿದಾಗ ಅಲ್ಲಿ ಯಾರೂ ಹೌಹಾರಲಿಲ್ಲ. ಎಲ್ಲರೂ ಹೂಂ ಎಂದರು. ನನ್ನ ಮನೆಯಲ್ಲಿ ಆ ಮಾತಾಡಿದ್ದರೆ ಅಡುಗೆಮನೆಯ ಬಾಗಿಲನ್ನೂ ಕಿತ್ತಿರುತ್ತಿದ್ದರು.

ಕಿರಂಗೂರಿನಿಂದ ಒಬ್ಬಳು ಬರುತ್ತಿದ್ದಳು, ಇಪ್ಪತ್ತಮೂರು ವರ್ಷದವಳು. ಮಾತೇ ಆಡುತ್ತಿರಲಿಲ್ಲ. ಅವಳದು ಏನೆಂದು ನರ್ಸಮ್ಮ ಹೇಳಿ ಗೊತ್ತಾಯಿತು. ಆಸ್ಪತ್ರೆಯಿಂದ ನೇರವಾಗಿ ತವರಿಗೆ ಕಳಿಸಿದ್ದರಂತೆ. ಎರಡು ವರ್ಷದ ಹೆಣ್ಣುಮಗು ನಾಗಮಂಗಲದ ಕಡೆಯ ಅತ್ತೆಮನೆಯಲ್ಲೇ ಉಳಿದಿತ್ತು. ಇಂಥವಳ ಕೈಗೆ ಮಗು ಕೊಡುವುದಿಲ್ಲ ಎಂದು ಹಟ ಹಿಡಿದ ಅತ್ತೆ, ತಾಯಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಗಂಡ. ಐದು ತಿಂಗಳಿಂದ ಅವಳು ಮಗುವಿನ ಮುಖ ನೋಡಿರಲಿಲ್ಲ. ಆ ಗಂಡ ಹುಟ್ಟಿದಾಗ ಹೆರಿಗೆ ಮಾಡಿಸಿದ್ದು ಇದೇ ನರ್ಸಮ್ಮ. ಆ ಸಲುಗೆಯಲ್ಲಿ ಹೇಳಿ ಕಳಿಸಿ, ಮಗು ಕರೆದುಕೊಂಡು ಒಂದು ಸಲ ಬಂದು ಹೋಗು ಎಂದು ಅತ್ತೆಯನ್ನು ಕರೆಸಿದರು.

ಆಕೆ ಬಂದರು. ಕಂಕುಳಲ್ಲಿ ಮಗು, ನಮ್ಮನ್ನೆಲ್ಲ ಸಂತೆಯಲ್ಲಿ ಹುಳುಕು ಬದನೆಕಾಯಿ ನೋಡುವ ಹಾಗೆ ನೋಡಿದರು. ಇವಳು ಇನ್ನೊಂದು ಸಲ ಹಾಗೆ ಮಾಡಿಕೊಳ್ಳುವುದಿಲ್ಲ ಅನ್ನುವುದಕ್ಕೆ ಯಾರು ಜವಾಬ್ದಾರಿ ಎಂದು ಕೇಳಿದರು. ಹೆಡ್ಮಾಸ್ಟರು ಗಂಟಲು ಸರಿಮಾಡಿಕೊಂಡು ಎದ್ದರು. ಸಂಘದ ಪರವಾಗಿ ತಾವು ಒಂದು ಪತ್ರ ಬರೆದು ಸೀಲು ಹಾಕಿ ಕೊಡುವುದಾಗಿ ಹೇಳಿದರು. ನಮಗೆ ಸೀಲು ಎಲ್ಲಿತ್ತು? ಅವರ ಸ್ಕೂಲಿನ ಹಳೇ ಸೀಲು ಇರಬೇಕು. ಆ ಹುಡುಗಿ ತಲೆ ತಗ್ಗಿಸಿಕೊಂಡು ಮಗುವಿನ ಪಾದವನ್ನಷ್ಟೇ ನೋಡುತ್ತಿದ್ದಳು.

ನನಗೆ ಕೋಪ ನೆತ್ತಿಗೇರಿತು. ಊರಲ್ಲಿ ಸೊಸೆಗೆ ಏನಾಗಿತ್ತು ಎಂದು ಹೇಳಿದ್ದೀರಿ ಎಂದು ಅತ್ತೆಯನ್ನು ಕೇಳಿದೆ. ಹೊಟ್ಟೆನೋವು ಎಂದರು.

“ಅಂಗಂದ್ರೆ ಒಟ್ಟೆನೋವು ಬಂದೋಳ ಕೈಯಿಂದ ಮಗೀನ ಯಾಕ್ ಕಿತ್ಕಂಡ್ರಿ ಅಂತ ಊರೋರು ಕೇಳಿದ್ರೆ ಏನ್ ಏಳ್ತೀರಿ ಅವ್ವಾ? ಈ ಭಾನುವಾರ ನಾನೇ ಬಂದು ನಿಮ್ಮ ಬೀದೀಲಿ ನಿಂತ್ಕಂಡು ಕೇಳ್ತೀನಿ.”

ಆಕೆಯ ಮುಖ ಕಪ್ಪಿಟ್ಟಿತು. ತಾವೇ ಹೇಳಿದ ಸುಳ್ಳು, ನುಂಗಲೂ ಆಗದು, ಉಗುಳಲೂ ಆಗದು. ಆದರೆ ಸೋಲುವ ಹೆಂಗಸಲ್ಲ.

“ನಿಂಗೂ ಒಟ್ಟೆನೋವೇ ಬಂದಿತ್ತಾ ಟೀಚ್ರಮ್ಮ? ನಿನ್ ಸ್ಕೂಲ್ ತಾವ ನಾನೂ ಬಂದು ಕೇಳ್ಲಾ?”

ಎಲ್ಲರೂ ನನ್ನನ್ನೇ ನೋಡಿದರು. ಅಯ್ಯೋ ಸುಮ್ಮನಿದ್ದಿದ್ದರೆ ಆಗುತ್ತಿತ್ತಲ್ಲ ಅನ್ನಿಸಿದ್ದೂ ನಿಜ.

“ನಂಗೆ ಒಟ್ಟೆನೋವು ಬಂದಿರ್ಲಿಲ್ಲ. ಸಾಯಕ್ಕೋಗಿದ್ದೆ,” ಎಂದೆ. “ನಲವತ್ತು ಮಕ್ಳು ದಿನಾ ನನ್ ಕೈಯಾಗೆ ಇರ್ತವೆ. ಒಬ್ರುಗೂ ಏನೂ ಆಗಿಲ್ಲ. ಓಗಿ ಕೇಳಿ.”

ಆಕೆ ಹೋಗಿ ಕೇಳಲಿಲ್ಲ, ಸುದ್ದಿ ಮಾತ್ರ ಮುಟ್ಟಿಸಿದರು. ಮುಂದಿನ ತಿಂಗಳು ಇಬ್ಬರು ತಾಯಂದಿರು ತಮ್ಮ ಮಕ್ಕಳನ್ನು ನನ್ನ ತರಗತಿಯಿಂದ ಬಿಡಿಸಿ ಪಕ್ಕದ ತರಗತಿಗೆ ಹಾಕಿಸಿದರು. ಕೆಲಸ ಉಳಿಯಿತು. ಆ ತಾಯಂದಿರ ಮೇಲೆ ನನ್ನ ತಾತ್ಸಾರವೂ ಹಾಗೇ ಉಳಿದಿದೆ.

ಆವತ್ತು ಅಲ್ಲಿ ಆದದ್ದು ಇಷ್ಟು. ಅತ್ತೆ, ತವರಲ್ಲೇ ಇಟ್ಟುಕೊಳ್ಳಲಿ, ಹಬ್ಬಕ್ಕೆ ಕಳಿಸಲಿ ಎಂದು ಮಗುವನ್ನು ಸೊಸೆಯ ಕಡೆ ಚಾಚಿದರು. ಮಗು ಹೋಗಲಿಲ್ಲ. ತಾಯಿಯ ಮುಖವನ್ನೇ ಗುರುತಿಸದೆ, ಅಜ್ಜಿಯ ಕುತ್ತಿಗೆ ತಬ್ಬಿಕೊಂಡು ಕಿರುಚಿತು. ಅತ್ತೆಗೆ ಗೆದ್ದಂತಾಯಿತು. ಈ ಹುಡುಗಿ ಈಗ ಎದ್ದು ಹೊರಟುಬಿಡುತ್ತಾಳೆ, ಹೋದರೆ ಎಲ್ಲಿಗೆ ಹೋಗುತ್ತಾಳೆ ಎಂದು ನನಗೆ ಭಯವಾಯಿತು. ಆ ಭಯ ಎಂಥದೆಂದು ಆ ಕೋಣೆಯಲ್ಲಿದ್ದ ನಮ್ಮ ಏಳು ಜನಕ್ಕೂ ಗೊತ್ತಿತ್ತು.

ಅವಳು ಏಳಲಿಲ್ಲ. ಕೂತಲ್ಲೇ ಒಂದು ಮೊಳ ಮುಂದೆ ಜರುಗಿದಳು, ಅಷ್ಟೇ. ಅಲ್ಲಿಯತನಕ ನಾವು ಅವಳ ದನಿಯನ್ನೇ ಕೇಳಿರಲಿಲ್ಲ.

“ಅಳಿಸ್ಬೇಡಿ ಅತ್ತೆಮ್ಮ. ಅದೇ ಬತ್ತದೆ. ನಾ ಎಲ್ಲೋಯ್ತೀನಿ, ಇಲ್ಲೇ ಇರ್ತೀನಲ್ಲ.”

ಮಗು ಅಜ್ಜಿಯ ತೊಡೆಯಿಂದ ಇಳಿದು ಅವಳ ಹತ್ತಿರ ಬರುವಷ್ಟರಲ್ಲಿ ಕೆ.ಆರ್. ಪೇಟೆಯ ಎರಡು ಬಸ್ಸು ಹೋಗಿದ್ದವು. ನಮ್ಮಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ.