ಚಂದಮ್ಮನ ಮೇಲೆ ಊರಿನ ಗಮನ

ಕಮಲಾಪುರದ ಚಂದಮ್ಮನ ಟೊಂಕ ಹಿಡಿದು ನಾಲ್ಕು ವರ್ಷವಾಗಿತ್ತು. ಒಲೆ ಮುಂದೆ ನೆಲಕ್ಕೆ ಕೂತು ರೊಟ್ಟಿ ಬಡಿಯುವುದು ಹಾಗಿರಲಿ, ಚಪ್ಪಲಿ ಮೆಟ್ಟಬೇಕಾದರೂ ಗೋಡೆ ಹಿಡಿಯಬೇಕಿತ್ತು. ಮಾತ್ರೆ, ಬೆಲ್ಟು, ಶಾಖ ಎಲ್ಲ ಮುಗಿದ ಮೇಲೆ ಗಂಡ ದೇವೀಂದ್ರಪ್ಪ ಕಲಬುರಗಿಗೆ ಕರೆದುಕೊಂಡು ಬಂದ. ಸೇಡಂ ರಸ್ತೆಯ ಆಯುರ್ವೇದ ಡಾಕ್ಟರು ವಿದ್ಯಾವತಿ ಹಳೆಯ ಚೀಟಿಗಳನ್ನೆಲ್ಲ ನೋಡಿ, ಗಾಂಜಾ ಗಿಡದ ಎಲೆಯಿಂದ ತೆಗೆದ ಎಣ್ಣೆ ಬರೆದುಕೊಟ್ಟರು. ನಾಲಿಗೆ ಕೆಳಗೆ ಹನಿ ಬಿಟ್ಟುಕೊಳ್ಳುವ ಔಷಧ.

“ಕಾಯಿದೆ ಪ್ರಕಾರ ಕೊಡೋ ಔಷಧ ಇದು, ಅಂಜಬ್ಯಾಡ್ರಿ. ಆದರ ಕೆಲವರಿಗಿ ಬಾಯಿ ಒಣಗತದ, ತಲಿ ತಿರಗತದ, ಜೋಂಪು ಹತ್ತತದ, ಹಸಿವು ಹೆಚ್ಚಾಗತದ. ಸುಮ್ಮ್‌ಸುಮ್ಮನ ನಗೂ ಬರಬಹುದು. ಮನ್ಯಾಗ ಒಬ್ಬರು ಗಮನ ಇಟ್ಟು ನನಗ ಹೇಳ್ರಿ. ಜಾಸ್ತಿ ಆದ್ರ ಬಂದ್ ಮಾಡಬೇಕಾಗತದ” ಎಂದರು.

ಮನೆಯಲ್ಲಿ ಒಬ್ಬರು ಅಂದಿದ್ದರು ಆ ಡಾಕ್ಟರಮ್ಮ! ಆದರೆ ದೇವೀಂದ್ರಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಬಸ್ಸಿಳಿದವನೇ ಚಹಾದಂಗಡಿಯಲ್ಲಿ ಅರ್ಧ ಊರಿಗೆ ಸುದ್ದಿ ಹಂಚಿ, “ನೀವೂ ಒಂದೀಟು ಗಮನ ಇಡ್ರೆಪ್ಪಾ” ಅಂದ. ಗಾಂಜಾ ಅಂದ ಮೇಲೆ ಕೇಳಬೇಕೇ? ಅಡಿಕೆ ಚೂರನ್ನೂ ಬಾಯಿಗೆ ಹಾಕದ ಚಂದಮ್ಮನಿಗೆ ನಶೆ ಏರುವುದನ್ನು ನೋಡಲು ಊರಿಗೆ ಊರೇ ತಯಾರಾಯಿತು.

ಎಣ್ಣೆ ಕೆಲಸ ಮಾಡಿತು. ಒಂದು ಬೆಳಗ್ಗೆ, ಗಂಡ ಹೊಲದ ಕಡೆ ಹೋಗಿದ್ದಾಗ, ಚಂದಮ್ಮ ಅಂಜುತ್ತಲೇ ಒಲೆ ಮುಂದೆ ಕೂತಳು. ಟೊಂಕ ಸುಮ್ಮನಿತ್ತು! ಒಂದು ರೊಟ್ಟಿ ಬಡಿದು, ಅದನ್ನು ನೋಡುತ್ತ ಅತ್ತಳು. ಇನ್ನು ಈ ಎಣ್ಣೆ ಮಾತ್ರ ತಪ್ಪಬಾರದು ಅಂದುಕೊಂಡಳು. ಹೇಳಿದರೆ ಯಾರ ದೃಷ್ಟಿ ತಾಗೀತೋ ಎಂದು ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಮಾತಾಡಿಸಲು ಬರುವವರ ಸಾಲು ಹತ್ತಿತು. ಜಡ್ಡಾದವರನ್ನು ಬರಿಗೈಲಿ ನೋಡಲು ಹೋಗಬಾರದಲ್ಲ, ಒಬ್ಬರು ಕೆಂಪು ಬಾಳೆಹಣ್ಣು, ಒಬ್ಬರು ಬಿಸ್ಕೀಟು, ಪಕ್ಕದ ಮನೆ ಸಾಬಮ್ಮ ದಿನಕ್ಕೊಂದು ಡಬ್ಬಿ ಶೇಂಗಾ ಹೋಳಿಗೆ. “ನನ್ನ ಕಣ್ಮುಂದ ಒಂದು ತಿನ್ನವ್ವ” ಅಂದರೆ ಒಲ್ಲೆ ಅನ್ನಲಾದೀತೇ? ತಿಂದಳು. ಆ ಕಡೆ ಸುದ್ದಿ ಹೋಯಿತು: ಹಸಿವು ವಿಪರೀತ! ಬಂದವರಿಗೆಲ್ಲ ಟೊಂಕದ ಕಥೆ ಮೊದಲಿನಿಂದ ಹೇಳಿ ಬಾಯಿ ಒಣಗಿತು. ಮಧ್ಯಾಹ್ನದ ನಿದ್ದೆ ಹೋಗಿ, ಕೂತಲ್ಲೇ ತೂಕಡಿಸಿದಳು. ಅತ್ತ ಒಬ್ಬರಿಗೆ ಇತ್ತ ಒಬ್ಬರಿಗೆ ಉತ್ತರ ಕೊಟ್ಟು ತಲೆ ತಿರುಗಿತು. ಸಾಬಮ್ಮ ಗಲ್ಲಕ್ಕೆ ಕೈ ಕೊಟ್ಟು, ರೆಪ್ಪೆ ಬಡಿಯದೆ ತನ್ನನ್ನೇ ನೋಡುತ್ತಿರುವುದನ್ನು ಕಂಡು ತಡೆಯಲಾರದೆ ನಕ್ಕೂ ಬಿಟ್ಟಳು. ಮುಗಿಯಿತು ಕಥೆ.

ಮರುವಾರ ಜಹೀರುದ್ದೀನನ ಕ್ರೂಸರ್ ಜೀಪು ಭರ್ತಿ ಸಾಕ್ಷಿಗಳು ಕಲಬುರಗಿಗೆ ಹೊರಟರು. ದವಾಖಾನೆಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಒಮ್ಮೆಗೇ ಹೇಳಿದರು. ಗಾಡಿ ಓಡಿಸಿದ ಜಹೀರುದ್ದೀನ್ ಕೂಡ, “ಡಾಕ್ಟರ್ ಸಾಬ್, ರಸ್ತೆ ತುಂಬಾ ತೂಕಡಿಸ್ಯಾಳ್ರೀ” ಅಂದ.

ಡಾಕ್ಟರು ನಿಟ್ಟುಸಿರು ಬಿಟ್ಟರು. “ಇಷ್ಟೆಲ್ಲಾ ಆಗಲಕತ್ತಿದ್ರ ಬಂದ್ ಮಾಡೋದೇ ಛಲೋ.”

ಚಂದಮ್ಮ ಎಣ್ಣೆಯ ಸೀಸೆಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಟೊಂಕದ ಬ್ಯಾನಿ ಹೆಂಗದ ಈಗ?” ಡಾಕ್ಟರು ಪೆನ್ನು ಎತ್ತಿಕೊಳ್ಳುತ್ತ ಕೇಳಿದರು.

ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ದೇವೀಂದ್ರಪ್ಪ ತಲೆ ಕೆರೆದುಕೊಂಡು, “ಅದನ್ನ ನೋಡ್ರಿ ಅಂತ ನೀವು ಹೇಳಿದ್ದಿಲ್ಲಲ್ರೀ” ಅಂದ.

ಚಂದಮ್ಮನಿಗೆ ಉರಿದುಹೋಯಿತು. “ಸರೀರಿ ಅತ್ತಾಗ!” ಎಂದವಳೇ ಜನರ ಕಾಲ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಕೂತವಳು ಗೋಡೆ ಮುಟ್ಟದೆ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತಳು.

“ಅಯ್ಯ ನಮ್ಮವ್ವ, ನಶಾ ನೆತ್ತಿಗೇರಿತು ನೋಡ್ರಿ!” ಸಾಬಮ್ಮ ಚೀರಿದಳು.

“ನಿನ್ನ ಹೋಳಿಗಿ ನೆತ್ತಿಗೇರ್ಯಾವ!” ಚಂದಮ್ಮ ಡಾಕ್ಟರ ಕಡೆ ತಿರುಗಿದಳು. ಕಣ್ಣು ತುಂಬಿದ್ದವು. “ನಿದ್ದಿ ಮಾಡಗೊಡಂಗಿಲ್ರೀ, ಒಲ್ಲೆ ಅಂದ್ರೂ ತಿನಿಸ್ತಾರ, ಬಾಯಿ ಮುಚ್ಚಗೊಡಂಗಿಲ್ಲ. ಔಷಧ ಏನೂ ಕೇಡು ಮಾಡಿಲ್ಲ. ಅದನ್ನ ಬಿಟ್ಟು ಇವರನ್ನ ಬಂದ್ ಮಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ.”

ಡಾಕ್ಟರು ನಾಡಿ ನೋಡಿದರು, ಬಿಪಿ ನೋಡಿದರು, ನಡೆಸಿ ನೋಡಿದರು. ಆಮೇಲೆ ನಗು ತಡೆದುಕೊಂಡು, “ಹನಿ ಈಗಿದ್ದಷ್ಟೇ ಇರಲಿ. ಎಂಟು ದಿನ ಒಬ್ಬರೂ ಇವರ ಮನಿ ಹೊಸ್ತಿಲ ದಾಟಬ್ಯಾಡ್ರಿ. ಆಮೇಲೂ ಇವೆಲ್ಲ ಇದ್ರ ಔಷಧದ್ದು, ಹೋದ್ರ ನಿಮ್ಮದು” ಅಂದರು.

ಹೊರಗೆ ಎಲ್ಲರೂ ಕ್ರೂಸರ್ ಹತ್ತಿ, ಚಂದಮ್ಮನಿಗಾಗಿ ನಡುವಿನ ಸೀಟು ಬಿಟ್ಟರು. ಅವಳು ಹತ್ತಲಿಲ್ಲ. ಸೆರಗು ಬಿಗಿದುಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

“ಏ, ಎಲ್ಲಿಗಿ ಹೊಂಟಿ? ಬಸ್ಸಿನಾಗ ಜಾಗ ಸಿಗಂಗಿಲ್ಲ, ನಿಂತು ಬರಬೇಕಾಗತದ!” ದೇವೀಂದ್ರಪ್ಪ ಹಿಂದಿನಿಂದ ಕೂಗಿದ.

“ನಿಂತೇ ಬರ್ತೀನ್ರೀ. ಅಲ್ಲಿ ನನ್ನ ಯಾರೂ ನೋಡಂಗಿಲ್ಲ” ಅಂದಳು ಚಂದಮ್ಮ.