ನನ್ನನ್ನು ತಿರುವಿನಾಚೆ ನಿಲ್ಲಿಸಿದ ಸೈಲೆನ್ಸರ್

“ಅಜ್ಜಿ, ನೀ ಆ ತಿರುವಿನ ಆಚೆ ಹೋಗಿ ನಿಂತ್ಕೊ” ಎಂದಳು ಮೊಮ್ಮಗಳು ನಿಶಾ. ಕುಮಟೆಯ ಅಂಗಡಿಯೊಂದರಲ್ಲಿ ಅವಳ ಬೈಕಿಗೆ ಹೊಸ ಸೈಲೆನ್ಸರ್ ಆರಿಸುತ್ತಿದ್ದೆವು. ಅವಳ ಅಮ್ಮನ ತಾಯಿ, ಅಂದರೆ ನನ್ನ ಬೀಗಿತಿ, ಹೊನ್ನಾವರದಿಂದ ಬಂದು ಬೈಕಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸಾಕಿದವಳು ನಾನು, ಆರಿಸುವವರು ಅವರೋ! ನನ್ನ ಹೊಟ್ಟೆ ಉರಿಯಿತು.

ತಿರುವಿನಾಚೆ ಒಬ್ಬಳೇ ನಿಂತೆ. ಅಂಗಡಿಯವನು ಒಂದೊಂದೇ ಸೈಲೆನ್ಸರ್ ಜೋಡಿಸಿ ಬೈಕ್ ಶುರು ಮಾಡುತ್ತಿದ್ದ. ನಡುನಡುವೆ ಬೀಗಿತಿ ನಗುವುದೂ ಕೇಳುತ್ತಿತ್ತು. ತಡೆಯಲಾರದೆ ವಾಪಸು ಹೋಗಿ ಕೇಳಿಯೇ ಬಿಟ್ಟೆ: “ನನ್ನ ಎಂತಕ್ಕೆ ಕರ್ಕಂಡು ಬಂದೆ? ರಸ್ತೆ ಕಾಯುಕಾ?”

ನಿಶಾ ನಕ್ಕಳು. “ಮನೇಲಿ ನನ್ನ ದಾರಿ ಕಾಯುದು ನೀನೇ ಅಲ್ದಾ? ಯಾರ ಬೈಕ್ ಬಂದ್ರೂ ನಾನೇ ಅಂತ ಬಂಗಡೆ ಮೀನು ಕಾವಲಿಗೆ ಹಾಕ್ತಿ. ನಾ ಬರೂದ್ರೊಳಗೆ ಅದು ತಣ್ಣಗಾಗಿರ್ತದೆ. ದೊಡ್ಡ ಶಬ್ದ ನಂಗೆ ಬೇಡ. ಅಷ್ಟು ದೂರದಿಂದ ಯಾವ್ದರ ಶಬ್ದ ಉಳಿದ ಬೈಕಿಗಿಂತ ಬೇರೆ ಅಂತ ನಿಂಗೆ ಗೊತ್ತಾತು, ಹೇಳು. ಅದೇ ಹಾಕ್ಸುದು.”

“ಎರಡನೇದು!” ಎಂದೆ, ಇಡೀ ಅಂಗಡಿಗೆ ಕೇಳುವ ಹಾಗೆ.

“ಮೊದಲ್ನೇದು ಚೆಂದ ಇತ್ತಲ್ಲೇ” ಎಂದರು ಬೀಗಿತಿ. ಅಂಗಡಿಯವನು ಆಗಲೇ ಎರಡನೆಯದನ್ನು ಕೈಗೆತ್ತಿಕೊಂಡಿದ್ದ.

ಈಗ ಸಂಜೆ ಆ ಶಬ್ದ ಕೇಳಿದ ಮೇಲೆಯೇ ನಾನು ಮೀನು ಕಾವಲಿಗೆ ಹಾಕುವುದು. ಆ ಹೊತ್ತಿಗೆ ಬೀಗಿತಿಯ ಫೋನ್ ಬಂದಿದ್ದರೆ ಮಾತು ನಿಲ್ಲಿಸಿ, ಫೋನನ್ನು ಕಿಟಕಿಯ ಹೊರಗೆ ಹಿಡಿಯುತ್ತೇನೆ. ಅವರಿಗೂ ಸ್ವಲ್ಪ ಉರಿಯಲಿ.